ಕೋಳಿ ಡಬ್ಬಿಯಲ್ಲಿ ಮನುಷ್ಯರ ಪ್ರೋಟೀನು

ಹೋದ ವಾರದ ಹಿಂದಿನ ಭಾನುವಾರ, ಬೆಳಿಗ್ಗೆ ಒಂಬತ್ತರಿಂದ ಹತ್ತೂವರೆಯೊಳಗೆ, ಬಣಕಲ್‌ನ ನಮ್ಮ ಬೀದಿಯ ಅರವತ್ತೆರಡು ಕೋಳಿಗಳಿಗೆ ಮನುಷ್ಯರ ಪ್ರೋಟೀನನ್ನು ಚುಚ್ಚಲಾಯಿತು.

ತಮಾಷೆ ಅಂದುಕೊಂಡಿರಾ? ಈ ಅಂಕಣ ಅಂದರೆ ನಗಿಸುವುದಕ್ಕೇ ಇರುವುದು ಎಂದು ಓದುವವರು ಬಹಳ ಜನ ಇದ್ದೀರಿ, ಗೊತ್ತು. ಇವತ್ತು ಬೇಡ. ಹೋದ ವಾರ ಇದೇ ಜಾಗದಲ್ಲಿ ಬಸ್ಸಿನ ಕಿಟಕಿ ಸೀಟಿನ ಬಗ್ಗೆ ಏನೇನೋ ಗೀಚಿದ್ದೆನಲ್ಲ, ಅದು ಇದನ್ನು ಬರೆಯುವ ಧೈರ್ಯ ಸಾಲದೆ ಗೀಚಿದ್ದು. ಮೆಚ್ಚಿ ಕಾಗದ ಬರೆದವರೆಲ್ಲ ಕ್ಷಮಿಸಿ.

ಮೊದಲಿನಿಂದ ಹೇಳುತ್ತೇನೆ.

ನಮ್ಮ ಮನೆಯ ಊಟದ ಕೋಣೆಯಲ್ಲೊಂದು ಫ್ರಿಜ್ಜಿದೆ. ಕಾಫಿಗೆ ಒಳ್ಳೆಯ ರೇಟು ಬಂದ ವರ್ಷ ನಮ್ಮ ಯಜಮಾನರು ಮಂಗಳೂರಿನಿಂದ ಜೀಪಿನ ಹಿಂದೆ ಕಟ್ಟಿಸಿಕೊಂಡು ತಂದದ್ದು. ಬೀದಿಗೆಲ್ಲ ಅದೊಂದೇ ಆದ್ದರಿಂದ ಅದನ್ನು ನಮ್ಮದು ಅಂತ ಹೇಳಿಕೊಳ್ಳುವ ಹಾಗಿಲ್ಲ. ನಾಯಿ ಕಚ್ಚಿದವರ ಇಂಜೆಕ್ಷನ್ನು ಅದರಲ್ಲಿ. ಮದುವೆ ಮನೆಯ ಮಲ್ಲಿಗೆ ಅದರಲ್ಲಿ. ಜ್ವರ ಬಂದ ಮಕ್ಕಳ ಹಣೆಗೆ ಐಸು ಅದರಿಂದ. ("ನಮ್ಮನೆ ಸಾಮಾನು ಇಡೋಕೆ ಒಂದು ಮೂಲೆ ಸಿಗ್ಬಹುದಾ?" ಎಂದು ಯಜಮಾನರು ಆಗಾಗ ಕೇಳುತ್ತಾರೆ.) ಜೊತೆಗೆ, ವರ್ಷಕ್ಕೊಮ್ಮೆ ಕೋಳಿ ಔಷಧಿ.

ಕೋಳಿ ಸಾಕದವರಿಗೆ ಇದು ಗೊತ್ತಿರಲಿಕ್ಕಿಲ್ಲ. ಬೇಸಿಗೆ ಹತ್ತಿರವಾಯಿತು ಅಂದರೆ ನಮ್ಮ ಕಡೆ ಕೊಕ್ಕರೆ ರೋಗದ ಭಯ. ಔಷಧಿ ಸೀಸೆಯ ಮೇಲೆ ಅದಕ್ಕೆ ರಾಣಿಖೇತ್ ಅಂತ ಹೆಸರು. ಬೆಳಿಗ್ಗೆ ಮೇಯುತ್ತಿದ್ದ ಕೋಳಿ ಸಂಜೆಗೆ ಕತ್ತು ತಿರುಚಿಕೊಂಡು ಬಿದ್ದಿರುತ್ತದೆ. ವಾರದೊಳಗೆ ಬೀದಿಗೆ ಬೀದಿಯೇ ಖಾಲಿ. ಅದು ಬಾರದ ಹಾಗೆ ಒಂದು ಲಸಿಕೆ ಇದೆ. ಕಿರುಬೆರಳಿನಷ್ಟು ಗಾಜಿನ ಸೀಸೆ, ತಳದಲ್ಲಿ ಒಂದು ಚಿಟಿಕೆ ಬಿಳಿ ಪುಡಿ. ಒಂದು ಸೀಸೆ ನೂರು ಕೋಳಿಗೆ ಆಗುತ್ತದೆ. ಆದರೆ ತಣ್ಣಗಿನ ನೀರಿನಲ್ಲಿ ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಿಬಿಡಬೇಕು. ಆಮೇಲೆ ಅದರಲ್ಲಿ ಸತ್ವವಿಲ್ಲ.

ನೂರು ಕೋಳಿ ಯಾರ ಮನೆಯಲ್ಲಿದೆ? ಅದಕ್ಕೇ ನಮ್ಮ ಬೀದಿಯಲ್ಲೊಂದು ಪದ್ಧತಿ. ವರ್ಷಕ್ಕೊಂದು ಭಾನುವಾರ ಎಲ್ಲರ ಕೋಳಿಗಳೂ ಬುಟ್ಟಿ ಹತ್ತಿ ನಮ್ಮ ಅಂಗಳಕ್ಕೆ ಬರುತ್ತವೆ. ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದು ರಿಟೈರ್ ಆದ ತಿಮ್ಮಯ್ಯನವರು ಸಿರಿಂಜು ಕುದಿಸಿಕೊಂಡು ಬಂದು ಮೆಟ್ಟಿಲ ಮೇಲೆ ಕೂರುತ್ತಾರೆ. ಒಬ್ಬರು ಕೋಳಿ ಹಿಡಿಯುವುದು, ಒಬ್ಬರು ರೆಕ್ಕೆ ಬಿಡಿಸುವುದು, ತಿಮ್ಮಯ್ಯನವರು ಚುಚ್ಚುವುದು. ಕಡುಬು, ಚಟ್ನಿ, ಕಾಫಿ ನನ್ನದು. ಔಷಧಿಯ ಸೀಸೆ ವಾರದ ಮೊದಲೇ ಬಂದು ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಹಳೆಯ ಬಿಸ್ಕೀಟು ಡಬ್ಬಿಯೊಳಗೆ ಕೂತಿರುತ್ತದೆ. ಅದಕ್ಕೆ ಕೋಳಿ ಡಬ್ಬಿ ಎಂದೇ ಹೆಸರು.

ಆ ಭಾನುವಾರದ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಜೊಹರಾ ಬಂದಳು.

ಜೊಹರಾ ಅಂದರೆ ಹೆದ್ದಾರಿ ಪಕ್ಕದಲ್ಲಿ ಜೀಪ್ ಗ್ಯಾರೇಜ್ ಇಟ್ಟಿರುವ ಹಸನಬ್ಬನವರ ಮಗಳು. ನನ್ನ ಕಣ್ಣೆದುರೇ ಬೆಳೆದವಳು. ಈಗ ಬೆಂಗಳೂರಿನ ಒಂದು ದೊಡ್ಡ ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಮಂಗಳೂರಿನಿಂದ ಚಾರ್ಮಾಡಿ ಘಾಟಿ ಹತ್ತಿ ಬಂದ ಬಸ್ಸಿನಿಂದ ಇಳಿದವಳು ಸ್ವಂತ ಮನೆಗೂ ಹೋಗದೆ ಸೀದಾ ನಮ್ಮಲ್ಲಿಗೆ ಬಂದಿದ್ದಳು. ಕೈಯಲ್ಲೊಂದು ಥರ್ಮಾಸ್ ಫ್ಲಾಸ್ಕು. ಅದನ್ನು ಹಸುಗೂಸಿನ ಹಾಗೆ ಎದೆಗೆ ಒತ್ತಿಕೊಂಡಿದ್ದಳು.

"ಸುಮಿತ್ರಕ್ಕ, ಇದ್ರೊಳಗೆ ಐಸ್ ಮಧ್ಯೆ ಒಂದು ಸಣ್ಣ ಬಾಟ್ಲಿ ಇದೆ. ನಾಳೆ ಮಧ್ಯಾಹ್ನದ ತನಕ ನಿಮ್ ಫ್ರಿಜ್ಜಲ್ಲಿ ಇಡ್ಬೇಕು. ಒಂದೇ ಒಂದು ದಿನ."

"ಇಡು ಮಾರಾಯ್ತಿ, ಅದಕ್ಕೆಲ್ಲ ಅಪ್ಪಣೆ ಕೇಳ್ತಾರಾ? ಎಂಥದು ಅದು, ಸೆಂಟಾ?"

"ಇಂಟರ್‌ಫೆರಾನ್ ಅಂತ ಅಕ್ಕ. ಮನುಷ್ಯರ ಪ್ರೋಟೀನು."

ನಾನು ಎರಡು ಹೆಜ್ಜೆ ಹಿಂದೆ ಸರಿದೆ. "ಯಾವ ಮನುಷ್ಯರದ್ದೇ?"

ಅವಳು ನಕ್ಕಳು. ಪಾಠ ಮಾಡುವುದೆಂದರೆ ಆ ಹುಡುಗಿಗೆ ಚಿಕ್ಕಂದಿನಿಂದ ಪ್ರಾಣ. ಅಡುಗೆಮನೆಯ ಕಟ್ಟೆ ಹತ್ತಿ ಕೂತೇಬಿಟ್ಟಳು.

"ಯಾರ ಮೈಯಿಂದಾನೂ ತೆಗ್ದಿದ್ದಲ್ಲ. ನಮ್ಮ ಮೈಯೊಳಗೆ ವೈರಸ್ ಬಂತು ಅಂದ್ರೆ, ಅದು ಹೊಕ್ಕಿರೋ ಜೀವಕೋಶ ಪಕ್ಕದ್ದಕ್ಕೆ ಹುಷಾರು ಅಂತ ಹೇಳೋಕೆ ಈ ಪ್ರೋಟೀನ್ ಮಾಡತ್ತೆ. ಮನುಷ್ಯರಿಂದಾನೇ ತೆಗೀಬೇಕು ಅಂದ್ರೆ ಬಕೆಟ್‌ಗಟ್ಲೆ ರಕ್ತ ಬೇಕು. ಅದಕ್ಕೆ ಏನ್ ಮಾಡಿದ್ರು, ಇದನ್ನ ಮಾಡೋ ವಿಧಾನ ಬರ್ದಿಟ್ಟ ಚೀಟಿ ಥರ ನಮ್ಮೊಳಗೆ ಒಂದು ಜೀನ್ ಇದೆಯಲ್ಲ, ಅದನ್ನ ಬ್ಯಾಕ್ಟೀರಿಯಾ ಒಳಗೆ ಸೇರ್ಸಿದ್ರು. ಅದು ತನ್ನದೇ ಚೀಟಿ ಅಂದ್ಕೊಂಡು ಮಾಡ್ತಾ ಹೋಗತ್ತೆ. ನಾವು ತೆಗ್ದು, ಶುದ್ಧ ಮಾಡಿ, ಒಣಗ್ಸಿ ಇಟ್ಕೊಳ್ಳೋದು."

"ಯಾವ ಬ್ಯಾಕ್ಟೀರಿಯಾ?"

ಕೇಳಬಾರದಿತ್ತು.

"ನಮ್ಮ ಕರುಳಲ್ಲಿ ಇರತ್ತಲ್ಲ ಅಕ್ಕ, ಅದೇ ಜಾತಿದು."

ಕರುಳಲ್ಲಿ! ಕರುಳಲ್ಲಿ ಇನ್ನೇನೇನು ಇರುತ್ತದೆ ಅಂತ ನನಗೆ ಗೊತ್ತಿಲ್ಲವೇ? ಮನುಷ್ಯರ ದೇಹದ ಗುಟ್ಟನ್ನು ಕದ್ದು ಒಂದು ಹುಳಕ್ಕೆ ಕೊಡುವುದಂತೆ, ಅದು ಮನುಷ್ಯರ ವಸ್ತು ಮಾಡಿ ಕೊಡುವುದಂತೆ. ಯಾರನ್ನು ಕೇಳಿ ಮಾಡಿದರು? ಊಟದ ಕೋಣೆಯಲ್ಲಿ ಎಲೆಅಡಿಕೆ ಕುಟ್ಟುತ್ತಿದ್ದ ನಮ್ಮ ಅತ್ತೆ ಕುಟ್ಟುವುದನ್ನು ನಿಲ್ಲಿಸಿದರು.

"ಅದನ್ನ ಎಲ್ಲಿ ಇಡ್ತಾಳಂತೆ?"

"ಫ್ರಿಜ್ಜಲ್ಲಿ ಅತ್ತೆ."

"ಮೊಸರು ಇರೋ ಫ್ರಿಜ್ಜಲ್ಲಾ?"

ಜೊಹರಾ ಇಳಿದು ಹೋಗಿ ಅವರ ಪಕ್ಕ ಕೂತಳು. "ಅಜ್ಜಿ, ಗಾಜಿನ ಬಾಟ್ಲಿ, ರಬ್ಬರ್ ಬಿರಡೆ, ಮೇಲೆ ತಗಡಿನ ಮುಚ್ಚಳ. ಒಂದು ಗಾಳಿ ಕೂಡ ಹೊರಗೆ ಬರಲ್ಲ." ಆಮೇಲೆ ನನ್ನ ಕಡೆ ತಿರುಗಿದಳು. ಈ ಸಲ ನಗು ಇರಲಿಲ್ಲ. "ಅಕ್ಕ, ಇದಕ್ಕೆ ನಮ್ ಸರ್ ಎರಡು ವರ್ಷ ಕಾಗದ ಬರ್ದಿದಾರೆ. ಹೊರದೇಶದ ಲ್ಯಾಬಿನವರು ಒಪ್ಕೊಂಡು, ಮಂಗಳೂರಿಗೆ ಮೀಟಿಂಗಿಗೆ ಬಂದೋರ ಕೈಲಿ ಒಂದೇ ಒಂದು ಬಾಟ್ಲಿ ಕಳ್ಸಿದ್ರು. ತರೋಕೆ ನನ್ನೇ ಕಳ್ಸಿದ್ರು. ಜೂನಿಗೆ ನನ್ನ ಫೆಲೋಶಿಪ್ ಮುಗಿಯತ್ತೆ. ಅಷ್ಟರೊಳಗೆ ಇದ್ರಲ್ಲಿ ಪ್ರಯೋಗ ಮಾಡಿ ಮುಗ್ಸಿದ್ರೆ ನಂಗೆ ಡಿಗ್ರಿ. ಇಲ್ಲಾಂದ್ರೆ ಐದು ವರ್ಷ ಪೂರಾ ನೀರಲ್ಲಿ ಹೋಮ."

ಮತ್ತೆ ಹೇಳುತ್ತೇನೆ. ಅವಳು ನನಗೆ ಎಲ್ಲವನ್ನೂ ಹೇಳಿದ್ದಳು. ಒಂದೇ ಸೀಸೆ ಅಂತ ಹೇಳಿದ್ದಳು. ಎರಡು ವರ್ಷ ಅಂತ ಹೇಳಿದ್ದಳು. ತಾನೇ ಫ್ರಿಜ್ಜಿನ ಬಾಗಿಲು ತೆಗೆದು, ಮೇಲಿನ ಖಾನೆಯಲ್ಲಿ, ಐಸಿನ ಪೆಟ್ಟಿಗೆಯ ಕೆಳಗೆ ಅದನ್ನು ನಿಲ್ಲಿಸಿ, "ಮುಟ್ಬೇಡಿ ಅಕ್ಕ, ಇಲ್ಲೇ ಇರ್ಲಿ" ಅಂದು ಹೋಗಿದ್ದಳು.

ಸಂಜೆ ಹಾಲು ತೆಗೆಯಲು ಬಾಗಿಲು ತೆಗೆದೆ. ಅದು ಅಲ್ಲಿ ನಿಂತಿತ್ತು. ಪಕ್ಕದಲ್ಲೇ ನಮ್ಮ ಮೊಸರಿನ ಪಾತ್ರೆ. ಹಾಲನ್ನೂ ತೆಗೆಯದೆ ಹಾಗೇ ಬಾಗಿಲು ಹಾಕಿದೆ. ಅರ್ಧ ಗಂಟೆ ಬಿಟ್ಟು ನಿಂಬೆಹಣ್ಣಿಗೆ ಅಂತ ಮತ್ತೆ ತೆಗೆದೆ. ಮತ್ತೆ ಅದೇ. ಒಂದು ಸಾಸಿವೆ ಕಾಳಿನಷ್ಟೂ ಇಲ್ಲದ ಪುಡಿ, ನನ್ನ ಅಡುಗೆಮನೆಯಲ್ಲಿ ಯಾರೋ ಅಪರಿಚಿತರು ಬಂದು ಕೂತ ಹಾಗೆ ಕೂತಿತ್ತು.

(ಆ ಬ್ಯಾಕ್ಟೀರಿಯಾವನ್ನು ನನ್ನದೇ ಹೊಟ್ಟೆಯಲ್ಲಿ ಕೋಟಿಗಟ್ಟಲೆ ಹೊತ್ತುಕೊಂಡು ನಲವತ್ತೈದು ವರ್ಷದಿಂದ ಅಡುಗೆಮನೆಗೆ ಹೋಗಿ ಬರುತ್ತಿದ್ದೇನೆ ಅನ್ನುವುದು ನನಗೆ ಹೊಳೆಯಲೇ ಇಲ್ಲ.)

ಕೊನೆಗೆ ಸೆರಗಿನ ತುದಿಯಲ್ಲಿ ಅದನ್ನು ಹಿಡಿದು ತೆಗೆದೆ. ಮುಖ ಆ ಕಡೆ ತಿರುಗಿಸಿಕೊಂಡು ಕೆಳಗಿನ ಖಾನೆಯ ಕೋಳಿ ಡಬ್ಬಿಯೊಳಗೆ ಹಾಕಿ ಮುಚ್ಚಳ ಒತ್ತಿದೆ. ಅದೂ ಔಷಧಿ, ಇದೂ ಔಷಧಿ, ಎರಡೂ ತಿನ್ನುವ ಸಾಮಾನಿನಿಂದ ದೂರ. ಅಲ್ಲೂ ತಣ್ಣಗೇ ಇರುತ್ತದಲ್ಲ? ಎಷ್ಟು ಬುದ್ಧಿವಂತೆ ನಾನು! ಕೈಯನ್ನು ಎರಡು ಸಲ ಸೋಪು ಹಾಕಿ ತೊಳೆದುಕೊಂಡೆ. ಆಮೇಲೆ ಅದನ್ನು ಮರೆತೇಬಿಟ್ಟೆ.

ಭಾನುವಾರ ಬೆಳಗಾಯಿತು. ಅಂಗಳದ ತುಂಬ ಬುಟ್ಟಿ, ಬುಟ್ಟಿಯ ತುಂಬ ಗಲಾಟೆ. ನಾನು ಕಡುಬಿನ ಪಾತ್ರೆಯ ಮುಂದೆ ಬೆವರು ಒರೆಸುತ್ತ ನಿಂತಿದ್ದೆ. ತಿಮ್ಮಯ್ಯನವರು ಊಟದ ಕೋಣೆಯಿಂದ ಕೂಗಿದರು.

"ಅಮ್ಮಾ, ಔಷಧಿ ತಗೊಳ್ಳಲಾ?"

"ಡಬ್ಬೀಲಿದೆ, ತಗೊಳ್ಳಿ ತಿಮ್ಮಯ್ಯನೋರೆ."

ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿತು. "ಈ ಸಲ ಎರಡು ಕಳ್ಸಿದಾರಲ್ಲ ಅಮ್ಮ?"

ಓದುಗರೇ, ನಾನು ಏನು ಹೇಳಿದೆ ಗೊತ್ತೇ? "ಒಂದು ಸಾಕು. ಇನ್ನೊಂದು ಅಲ್ಲೇ ಇಟ್ಟಿರಿ" ಅಂದೆ. ಇದೇ ಬಾಯಲ್ಲಿ ಅಂದೆ. ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಕಡುಬು ಬೆಂದಿದೆಯೋ ಇಲ್ಲವೋ ಅನ್ನುವುದೊಂದೇ.

ತಿಮ್ಮಯ್ಯನವರಿಗೆ ಎಪ್ಪತ್ತು ದಾಟಿದೆ. ಸೀಸೆಯ ಮೇಲಿನ ಇಂಗ್ಲಿಷ್ ಅಕ್ಷರ ಇರುವೆಯ ಕಾಲಿನಷ್ಟು. ಅಷ್ಟಕ್ಕೂ ಕೋಳಿ ಡಬ್ಬಿಯಲ್ಲಿ ಕೋಳಿ ಔಷಧಿ ಬಿಟ್ಟು ಇನ್ನೇನು ಇರುತ್ತದೆ ಅಂತ ಅವರು ಓದಬೇಕು? ಕಲಸಿದರು. ಚುಚ್ಚಿದರು. ಒಟ್ಟು ಅರವತ್ತೆರಡು.

ಹನ್ನೆರಡು ಗಂಟೆಗೆ ಜೊಹರಾ ಬಂದಳು. ಎರಡರ ಬಸ್ಸಿಗೆ ಹೊರಡಬೇಕಿತ್ತು. ಫ್ರಿಜ್ಜಿನ ಬಾಗಿಲು ತೆಗೆದು ಮೇಲಿನ ಖಾನೆ ನೋಡಿದಳು.

"ಅಕ್ಕ?"

"ಕೆಳಗಿದೆ ಕಣೇ, ಕೋಳಿ ಡಬ್ಬೀಲಿ."

ಹೇಳುತ್ತ ಹೇಳುತ್ತಲೇ ತಿಮ್ಮಯ್ಯನವರು ಬೆಳಿಗ್ಗೆ ಕೇಳಿದ ಎರಡು ಸೀಸೆಯ ಮಾತು ನೆನಪಾಯಿತು. ಅವಳು ಡಬ್ಬಿ ತೆಗೆದಳು. ಒಂದು ಸೀಸೆ ಇತ್ತು. ಕ್ಷಣಕಾಲ ಅವಳ ಮುಖ ಅರಳಿತು. ಅದನ್ನು ಬೆಳಕಿಗೆ ಹಿಡಿದು ಓದಿದಳು.

"ಇದು ರಾಣಿಖೇತ್ ಅಂತಿದೆ ಅಕ್ಕ."

ಕೂಗಲಿಲ್ಲ. ಅಂಗಳಕ್ಕೆ ಓಡಿದಳು. ತಿಮ್ಮಯ್ಯನವರು ಸಿರಿಂಜು ತೊಳೆಯುತ್ತಿದ್ದರು.

"ಅಜ್ಜ, ಕಲಸಿದ್ದು ಉಳ್ದಿದೆಯಾ? ಒಂಚೂರಾದ್ರೂ ಉಳ್ದಿದೆಯಾ?"

"ಇಲ್ಲ ಮಗ. ಎರಡು ಗಂಟೆ ಆತಲ್ಲ, ಇಟ್ಕೊಂಬಾರ್ದು. ಬಾಳೆ ಬುಡಕ್ಕೆ ಚೆಲ್ದೆ."

ಪಾಪ, ಅವರು ಕೆಲಸವನ್ನು ಶಿಸ್ತಾಗಿಯೇ ಮಾಡಿದ್ದರು. ಜೊಹರಾ ಕಸದ ಬುಟ್ಟಿಯಲ್ಲಿ ಕೈಹಾಕಿ, ಪುಕ್ಕ, ಹತ್ತಿಗಳ ನಡುವಿನಿಂದ ಖಾಲಿ ಸೀಸೆ ಹುಡುಕಿ ತೆಗೆದಳು. ದುಪಟ್ಟಾದಲ್ಲಿ ಒರೆಸಿದಳು. ತಾನು ತಂದ ಫ್ಲಾಸ್ಕಿನ ಐಸಿನ ಮಧ್ಯೆ ಅದನ್ನು ಇಟ್ಟು ಮುಚ್ಚಳ ತಿರುಗಿಸಿದಳು. ಖಾಲಿ ಸೀಸೆಗೆ ಐಸು ಯಾಕೆ? ಯಾರೂ ಕೇಳಲಿಲ್ಲ.

ಸುದ್ದಿ ಬೀದಿಗೆ ಹಬ್ಬಲು ಹತ್ತು ನಿಮಿಷ ಸಾಕಾಯಿತು. ಹೋದ ಬುಟ್ಟಿಗಳೆಲ್ಲ ವಾಪಸು ಬಂದವು.

"ಮನುಷ್ಯಂದು ಹಾಕಿದಾರಂತಲ್ಲ, ಮೊಟ್ಟೆ ತಿನ್ಬಹುದಾ?"

"ನಮ್ ಹುಂಜಕ್ಕೆ ಮಾತು ಬಂದ್ರೆ ಎಂಥ ಮಾಡೋದು ಮಾರಾಯ್ತಿ?"

"ಇನ್ನು ಕೊಯ್ಯೋದು ಹೆಂಗೆ? ನಂಗಂತೂ ಕೈ ಬರಲ್ಲಪ್ಪ."

ನಮ್ಮ ಅತ್ತೆ ಎರಡೂ ಕೈ ತಲೆಯ ಮೇಲಿಟ್ಟುಕೊಂಡು "ಶಿವನೇ, ಶಿವನೇ" ಅನ್ನುತ್ತಿದ್ದರು. ಯಜಮಾನರು ತೋಟದಿಂದ ಬಂದವರು ವಿಷಯ ಕೇಳಿ, ಮಧ್ಯಾಹ್ನದ ಸಾರಿನ ಪಾತ್ರೆಯನ್ನು ಅನುಮಾನದಿಂದ ನೋಡಿದರು. (ಅದು ಹುರುಳಿ ಸಾರು.)

ಒಬ್ಬೊಬ್ಬರಿಗೂ ಉತ್ತರ ಕೊಟ್ಟವಳು ಜೊಹರಾ. "ಏನೂ ಆಗಲ್ಲ. ಮನುಷ್ಯರದ್ದು ಕೋಳಿ ಮೈಯಲ್ಲಿ ಕೆಲಸ ಮಾಡಲ್ಲ, ಎರಡು ದಿನದಲ್ಲಿ ಕರಗಿ ಹೋಗತ್ತೆ. ಮೊಟ್ಟೆ ತಿನ್ನಿ. ಆದ್ರೆ ಕೊಕ್ಕರೆ ರೋಗದ ಲಸಿಕೆ ಇನ್ನೂ ಹಾಕ್ದಂಗಾಗ್ಲಿಲ್ಲ, ಅದನ್ನ ಮರೀದೆ ಹಾಕ್ಸಿ." ಇದನ್ನೇ ಹದಿನೈದು ಸಲ ಹೇಳಿದಳು. ಕೊನೆಯ ಬುಟ್ಟಿಯವರು ಹೋಗುವ ತನಕ ಹೇಳಿದಳು.

ನಮ್ಮ ಬೀದಿಯ ಅಷ್ಟೂ ಜನರಲ್ಲಿ, ನಿನ್ನ ಗತಿಯೇನು ಮಗಳೇ ಎಂದು ಅವಳನ್ನು ಕೇಳಿದವರು ಒಬ್ಬರೂ ಇಲ್ಲ. ಎಲ್ಲರಿಗೂ ಶಾಕ್ ಹೊಡೆದಿತ್ತು, ನಿಜ. ಆದರೆ ಹೊಡೆದದ್ದು ಕೋಳಿಯ ವಿಷಯಕ್ಕೆ. ಐದು ವರ್ಷದ ಓದು ಬಾಳೆ ಬುಡಕ್ಕೆ ಹೋಯಿತು ಅನ್ನುವುದು ಯಾರಿಗೂ ಶಾಕ್ ಅನ್ನಿಸಲಿಲ್ಲವಲ್ಲ! ನಾವು ಯಾವುದಕ್ಕೆ ಹೌಹಾರುತ್ತೇವೆ, ಯಾವುದನ್ನು ಅಯ್ಯೋ ಪಾಪ ಅಂತಲೂ ಅನ್ನದೆ ದಾಟಿ ಹೋಗುತ್ತೇವೆ?

ಬೀದಿಯವರನ್ನು ಬೈಯುವುದು ಸುಲಭ. ಈಗ ನನ್ನ ಪಾಲಿನದನ್ನು ಕೇಳಿ.

ಹಸನಬ್ಬನವರು ಕೈಯ ಗ್ರೀಸು ಒರೆಸಿಕೊಳ್ಳುತ್ತ ಬಂದರು. ಮಗಳ ಮುಖ ನೋಡಿದರು, ಫ್ಲಾಸ್ಕು ನೋಡಿದರು. ಏನಾಯಿತು ಎಂದು ಕೇಳಿದರು. ನಾನು ಬಾಯಿ ತೆಗೆದೆ. ನನ್ನ ಬಾಯಿಂದ ಬಂದ ಮೊದಲ ಮಾತು ಇದು:

"ತಿಮ್ಮಯ್ಯನೋರು ಒಂದ್ಸಲ ಓದಿ ನೋಡ್ಬೇಕಿತ್ತು."

ಆ ವೃದ್ಧರು ಮೆಟ್ಟಿಲಿಂದ ಎದ್ದರು. ಮೊಮ್ಮಗಳ ವಯಸ್ಸಿನ ಹುಡುಗಿಯ ಮುಂದೆ ಎರಡೂ ಕೈ ಜೋಡಿಸಿದರು. "ತಪ್ಪಾತು ಮಗ. ಕಣ್ಣು ಸಾಲ್ಲ ನಂಗೆ. ಇನ್ನು ಈ ಕೆಲ್ಸಕ್ಕೆ ಕೈ ಹಾಕಲ್ಲ" ಅಂದರು.

ಆಗಲಾದರೂ ನಾನು ಹೇಳಬಹುದಿತ್ತು. ಅದನ್ನು ಆ ಡಬ್ಬಿಗೆ ಹಾಕಿದವಳು ನಾನು, ಎರಡಿವೆ ಅಂದಾಗಲೂ ಒಂದು ತೆಗೆದುಕೊಳ್ಳಿ ಅಂದವಳು ನಾನು ಅಂತ. ಹೇಳಲಿಲ್ಲ. ಜೊಹರಾ ನನ್ನನ್ನು ಒಂದು ಸಲ ನೋಡಿದಳು. ಅವಳಿಗೆ ಗೊತ್ತಿತ್ತು, ತಾನು ಅದನ್ನು ಎಲ್ಲಿ ಇಟ್ಟಿದ್ದೆ ಅಂತ. ಆ ಅಜ್ಜನ ಕೈ ಬಿಡಿಸಿ, "ನೀವು ಏನೂ ಮಾಡಿಲ್ಲ ಅಜ್ಜ" ಅಂದಳು.

"ಹೋಗ್ಲಿ ಬಿಡಿ ಸುಮಿತ್ರಮ್ಮ, ಬೇಕಂತ ಯಾರೂ ಮಾಡಿದ್ದಲ್ಲವಲ್ಲ" ಅಂದರು ಹಸನಬ್ಬನವರು. ಅಪ್ಪ, ಮಗಳು ಬಸ್‌ಸ್ಟಾಪಿನ ಕಡೆ ನಡೆದರು.

ಬೇಕಂತ ಮಾಡಿದ್ದಲ್ಲ. ನಿಜ. ಆದರೆ ಗೊತ್ತಿಲ್ಲದೆ ಮಾಡಿದೆ ಅಂತಲೂ ನಾನು ಹೇಳುವ ಹಾಗಿಲ್ಲವಲ್ಲ! ಏನೂ ಗೊತ್ತಿಲ್ಲದವರು ಆ ಸೀಸೆಯನ್ನು ಮುಟ್ಟುತ್ತಲೇ ಇರಲಿಲ್ಲ. ಎಲ್ಲ ಗೊತ್ತಿದ್ದುದರಿಂದಲೇ ನನಗೆ ಅಸಹ್ಯವಾಯಿತು, ಅಸಹ್ಯವಾದ್ದರಿಂದ ಎತ್ತಿ ಹಾಕಿದೆ. ಈಗ ಪ್ರೋಟೀನು ಕಂಡು ಆದದ್ದಕ್ಕಿಂತ ಹೆಚ್ಚಿನ ಅಸಹ್ಯ ನನ್ನನ್ನು ಕಂಡು ನನಗೇ ಆಗುತ್ತಿದೆ.

ಮೊನ್ನೆ ಗುರುವಾರ ಅವಳ ಇನ್‌ಲ್ಯಾಂಡ್ ಲೆಟರ್ ಬಂತು. ಅವಳು ಬರೆದದ್ದನ್ನೇ ಇಲ್ಲಿ ಕೊಡುತ್ತಿದ್ದೇನೆ.

"ಅಕ್ಕ, ಸರ್ ಕೂಗಾಡಲಿಲ್ಲ. ಬಾಟಲಿಯನ್ನು ಆ ಡಬ್ಬಿಗೆ ಹಾಕಿದ್ದು ಯಾರು ಅಂತ ಕೇಳಿದರು. ನಾನೇ ಅಂದೆ. ಲ್ಯಾಬಿನಲ್ಲಿ ನಾನು ಕೆಲಸ ಮಾಡುವ ಬೆಂಚನ್ನು ಸದ್ಯಕ್ಕೆ ಇನ್ನೊಬ್ಬರಿಗೆ ಕೊಟ್ಟಿದ್ದಾರೆ. ಇನ್ನೊಂದು ಬಾಟಲಿ ಕೇಳಿ ಕಾಗದ ಬರೆಯುವುದೋ ಬೇಡವೋ ಅಂತ ತಿಂಗಳ ಕೊನೆಗೆ ಹೇಳುತ್ತಾರಂತೆ. ಇಷ್ಟು ಅಜಾಗರೂಕಳ ಕೈಗೆ ಎರಡನೇ ಸಲ ಹೇಗೆ ಕೊಡುವುದು ಅಂತ ಅವರ ಯೋಚನೆ. ನೀವು ಅವರಿಗೆ ಏನೂ ಬರೆಯಬೇಡಿ. ತಪ್ಪು ನನ್ನದು ಅಂದರೆ ನನ್ನೊಬ್ಬಳನ್ನು ಬೈಯುತ್ತಾರೆ. ಊರಿನವರದ್ದು ಅಂದರೆ, ನಮ್ಮಂಥ ಊರಿಂದ ಬಂದ ಯಾವ ಹುಡುಗಿಯ ಕೈಗೂ ಇನ್ನು ಏನೂ ಕೊಡುವುದಿಲ್ಲ. ತಿಮ್ಮಯ್ಯಜ್ಜನಿಗೆ ಬೇಜಾರು ಮಾಡಿಕೊಳ್ಳಬೇಡಿ ಅಂತ ಹೇಳಿ. ಕೋಳಿಗಳಿಗೆ ಲಸಿಕೆ ಹಾಕಿಸಿದಿರಾ?"

ಓದಿ ಮುಗಿಸಿ ಗೋಡೆಗೆ ಒರಗಿ ಕೂತುಬಿಟ್ಟೆ. ಜೋರಾಗಿ ಅಳತೊಡಗಿದೆ. ಅತ್ತೆಯವರು ಹೆದರಿ ನೀರು ತಂದುಕೊಟ್ಟರು.

ಆಮೇಲೆ ಚಪ್ಪಲಿ ಮೆಟ್ಟಿಕೊಂಡು ತಿಮ್ಮಯ್ಯನವರ ಮನೆಗೆ ಹೋದೆ. ಅವರ ಹೆಂಡತಿ, ಸೊಸೆ ಎಲ್ಲರೂ ಇರುವಾಗಲೇ ಹೇಳಿದೆ. ಡಬ್ಬಿಗೆ ಹಾಕಿದ್ದು ನಾನು ಅಂತ. ಅವರು, "ಅವತ್ತೇ ಹೇಳ್ಬಹುದಿತ್ತಲ್ಲ ಅಮ್ಮ" ಅಂದರು. ಮರುದಿನ ಬೆಳಿಗ್ಗೆ ಬಂದು ಉಳಿದ ಸೀಸೆಯಲ್ಲಿ ಅರವತ್ತೆರಡಕ್ಕೂ ಲಸಿಕೆ ಹಾಕಿಕೊಟ್ಟರು. ಕಾಫಿ ಮಾತ್ರ ಕುಡಿಯಲಿಲ್ಲ.

ಜೊಹರಾ, ನೀನು ಬರೆಯಬೇಡಿ ಅಂದಿದ್ದೀಯ. ನಿನ್ನ ಮಾತು ಮೀರುತ್ತಿದ್ದೇನೆ. ಊರಿನವರ ತಪ್ಪು ಅಂತ ಯಾರು ಹೇಳಿದ್ದು? ಊರು ಏನೂ ಮಾಡಿಲ್ಲ. ತಪ್ಪು ಮಾಡಿದವಳಿಗೊಂದು ಹೆಸರಿದೆ, ಅದು ಪ್ರತಿ ವಾರ ಈ ಅಂಕಣದ ತಲೆಯ ಮೇಲೆ ಅಚ್ಚಾಗುತ್ತದೆ. ತಿಂಗಳು ಮುಗಿಯಲು ಇನ್ನೂ ಒಂಬತ್ತು ದಿನ ಇದೆ. ಈ ಪುಟವನ್ನು ಕತ್ತರಿಸಿ, ಜೊತೆಗೆ ಯಜಮಾನರಿಂದ ತಿದ್ದಿಸಿದ ನನ್ನ ಇಂಗ್ಲಿಷ್ ಕಾಗದವನ್ನೂ ಇಟ್ಟು, ನಿನ್ನ ಗುರುಗಳ ವಿಳಾಸಕ್ಕೆ ರಿಜಿಸ್ಟರ್ ಪೋಸ್ಟ್ ಮಾಡುತ್ತಿದ್ದೇನೆ. ಇಂಗ್ಲಿಷಿನಲ್ಲಿ ಉದ್ದಕ್ಕೆ ಬರೆಯಲು ನನಗೆ ಬರುವುದಿಲ್ಲ. ಅದರಲ್ಲಿರುವುದು ಒಂದೇ ಸಾಲು.

ಸರ್, ನಿಮ್ಮ ವಿದ್ಯಾರ್ಥಿನಿ ನಿಮಗೆ ಸುಳ್ಳು ಹೇಳಿದ್ದಾಳೆ; ಅದೊಂದನ್ನು ಬಿಟ್ಟರೆ ಅವಳು ಬೇರೆ ಯಾವ ತಪ್ಪನ್ನೂ ಮಾಡಿಲ್ಲ.